ನಮ್ಮ ಭಾವನ ಕರೆಂಟ್ ಗುಂಡಿಗೆ

ನಮ್ಮ ಭಾವ ಗೊರಕೆ ಹೊಡೆಯುವುದಿಲ್ಲ. ಇದು ನನ್ನ ಮಾತಲ್ಲ, ಭಾವನವರ ಮಾತು. ಅವರ ಅಕ್ಕಪಕ್ಕದ ಮನೆಗಳಲ್ಲಿ, ಎದುರುಮನೆಯಲ್ಲಿ, ಒಮ್ಮೆ ಅವರೊಂದಿಗೆ ರೈಲಿನಲ್ಲಿ ಪ್ರಯಾಣ ಮಾಡಿದ ಇಡೀ ಬೋಗಿಯಲ್ಲಿ ಈ ಮಾತನ್ನು ನಂಬುವವರು ಒಬ್ಬರೂ ಇರಲಿಲ್ಲ. ಆದರೆ ಭಾವನವರ ವಾದಕ್ಕೆ ಉತ್ತರ ಕೊಟ್ಟವರೂ ಇರಲಿಲ್ಲ.

"ನಾನು ಗೊರಕೆ ಹೊಡೆದಿದ್ರೆ ಎಲ್ಲರಿಗಿಂತ ಹತ್ತಿರ ಇರೋನು ನಾನು. ನನಗೇ ಕೇಳಿಸಿಲ್ಲ ಅಂದ್ಮೇಲೆ ನಿಮಗೆಲ್ಲಿಂದ ಕೇಳಿಸ್ತು?"

ಭಾವ ಎಂದರೆ ನನ್ನ ಅಕ್ಕನ ಗಂಡ, ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು. ಸದ್ದೆಂದರೆ ಅವರಿಗೆ ಮೈಯೆಲ್ಲ ಉರಿ. ಓದುಗ ಪುಟ ತಿರುವಿದ್ದು ಕೇಳಿಸಿದರೆ ಕತ್ತೆತ್ತಿ ನೋಡುವರು, ಮತ್ತೆ ಕೇಳಿಸಿದರೆ ಎದ್ದು ಬರುವರು. ಗೂರಲು ಹತ್ತಿದ ಒಬ್ಬ ಮುದುಕರನ್ನು "ಉಸಿರಾಡೋದಿದ್ರೆ ಹೊರಗೆ ಆಡಿ ಮುಗಿಸ್ಕೊಂಡು ಬನ್ನಿ" ಎಂದು ವರಾಂಡಕ್ಕೆ ಕಳಿಸಿದ ಪುಣ್ಯಾತ್ಮರು. ಊರಿನವರು ಅವರಿಗೆ 'ಶ್ಶ್ ಸಾಹೇಬರು' ಎಂದು ಹೆಸರಿಟ್ಟಿದ್ದರು. ಅಂಥವರು ತಾವೇ ಗೊರಕೆ ಹೊಡೆಯುತ್ತಾರೆಂದು ಒಪ್ಪಿಕೊಂಡರೆ ಕುರ್ಚಿಯ ಗೌರವ ಏನಾಗಬೇಕು?

ನನ್ನದೊಂದು ಕನ್ನಡಕದ ಅಂಗಡಿ. ಅಕ್ಕನ ಮನೆಯ ಹಿಂದಿನ ಬೀದಿಯಲ್ಲೇ ನನ್ನ ಮನೆ. ಅಕ್ಕನನ್ನು ನೋಡುವ ಆಸೆಗೆ ಹೋಗುತ್ತಿದ್ದೆ. ಅಲ್ಲಿ ಭಾವನವರೂ ಇರುತ್ತಿದ್ದರು. ಹಾಲು ಬೇಕೆಂದರೆ ಹಸುವಿನ ಒದೆಯನ್ನೂ ತಿನ್ನಬೇಕಲ್ಲ!

ಒಂದು ದಿನ ಗ್ರಂಥಾಲಯದ ಮೂಲೆಯಲ್ಲಿ ಯಾರದೋ ಮೊಬೈಲು ಹಾಡಿತು. ಭಾವ ಹುಬ್ಬು ಗಂಟಿಕ್ಕಿಕೊಂಡು ಆ ಕಡೆಗೆ ಧಾವಿಸಿದರು. ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಂಡು ವಿಶ್ವಕೋಶದ ಕಪಾಟಿಗೆ ಒರಗಿ ಕುಸಿದರು. ಅದೇ ಅಪರಾಧಿ ಅದೇ ಮೊಬೈಲಿನಿಂದ ಆಂಬುಲೆನ್ಸ್ ಕರೆಸಿದ. ಆಸ್ಪತ್ರೆಯಲ್ಲಿ ಎದೆಯ ಎಲುಬು ಸೀಳಿ, ಕಾಲಿನ ರಕ್ತನಾಳ ತೆಗೆದು ಗುಂಡಿಗೆಗೆ ಹೊಲಿದು, ಎಲುಬನ್ನು ಮತ್ತೆ ತಂತಿಯಿಂದ ಬಿಗಿದು ಕಟ್ಟಿದರು. ಭಾವ ಬದುಕಿದರು. ಕಣ್ಣು ಬಿಟ್ಟವರೇ ಆಡಿದ ಮೊದಲ ಮಾತು, "ಆ ಮೊಬೈಲಿನೋನ ಸದಸ್ಯತ್ವ ರದ್ದು ಮಾಡಿ."

ಆಮೇಲೆ ಶುರುವಾಯಿತು ನಿಜವಾದ ರಗಳೆ. ವಾರ್ಡಿನ ಉಳಿದ ರೋಗಿಗಳು ತಮ್ಮನ್ನು ಬೇರೆ ಕಡೆಗೆ ಸಾಗಿಸಬೇಕೆಂದು ಹಟ ಹಿಡಿದರು. ಹೃದ್ರೋಗಿಗಳಿಗೆ ವಿಶ್ರಾಂತಿ ಬೇಕು, ಇಲ್ಲಿ ಗಿರಣಿ ಓಡುತ್ತಿದೆ ಎಂಬುದು ಅವರ ದೂರು. ನರ್ಸಮ್ಮನ ದೂರು ಬೇರೆ. ಸದ್ದು ಬಂದಾಗ ಏನೂ ತೊಂದರೆಯಿಲ್ಲ, ಸದ್ದು ನಿಂತಾಗ ಬೆರಳಿಗೆ ಸಿಕ್ಕಿಸಿದ ಯಂತ್ರ ಬೊಬ್ಬೆ ಹೊಡೆಯುತ್ತದೆ ಎಂದಳು. ನಿದ್ದೆಯ ಪರೀಕ್ಷೆ ಮಾಡಿಸಿದರು. ಡಾಕ್ಟರಮ್ಮ ನಮ್ಮನ್ನೆಲ್ಲ ಮಂಚದ ಸುತ್ತ ನಿಲ್ಲಿಸಿಕೊಂಡು ವಿವರಿಸಿದರು.

"ನೋಡಿ, ನಿದ್ದೆ ಬಂದ ಕೂಡ್ಲೆ ನಿಮ್ಮ ಗಂಟಲು ಒಳಗಡೆ ಮುಚ್ಕೊಳ್ಳುತ್ತೆ. ಮೊದಲು ಗೊರಕೆ. ಆಮೇಲೆ ಉಸಿರೇ ನಿಂತುಹೋಗುತ್ತೆ."

"ಡಾಕ್ಟ್ರೇ, ಒಂದು ವಿಷಯ ಸ್ಪಷ್ಟ ಆಗ್ಲಿ. ಉಸಿರು ನಿಂತಾಗ ಸದ್ದು ಬರುತ್ತಾ?"

"ಉಸಿರೇ ಇಲ್ಲ ಅಂದ್ಮೇಲೆ ಸದ್ದೆಲ್ಲಿಂದ? ಬರಲ್ಲ."

ಭಾವ ಗೆದ್ದ ಪೈಲ್ವಾನನಂತೆ ನಮ್ಮತ್ತ ತಿರುಗಿದರು. "ಕೇಳಿಸ್ಕೊಂಡ್ರಾ? ಸ್ಪೆಷಲಿಸ್ಟೇ ಹೇಳ್ತಿದ್ದಾರೆ, ಸದ್ದು ಬರಲ್ಲ ಅಂತ."

"ಆ ಸದ್ದಿಲ್ಲದ ಹೊತ್ತೇ ಅಪಾಯ ಸ್ವಾಮಿ," ಎಂದರು ಡಾಕ್ಟರಮ್ಮ. "ಉಸಿರು ನಿಂತಾಗಲೆಲ್ಲ ಗುಂಡಿಗೆಗೆ ಹೊಡೆತ. ಈಗ ತಾನೇ ಹೊಲಿದಿರೋ ಗುಂಡಿಗೆ ಅದು. ಮೇಲಾಗಿ ಎಲುಬು ಕೂಡೋವರೆಗೂ ನೀವು ಅಂಗಾತ ಮಲಗ್ಬೇಕು, ಅಂಗಾತ ಮಲಗಿದ್ರೆ ಗಂಟಲು ಇನ್ನೂ ಮುಚ್ಚುತ್ತೆ. ಅದಕ್ಕೇ ಈ ಯಂತ್ರ. ಮೂಗಿಗೆ ಮಾಸ್ಕ್ ಹಾಕ್ಕೊಂಡ್ರೆ ಇದು ಗಾಳಿ ಒತ್ತಿ ಗಂಟಲು ತೆರೆದಿಡುತ್ತೆ. ಮಧ್ಯಾಹ್ನ ಒಂದು ಚೂರು ಕಣ್ಣು ಮುಚ್ತೀನಿ ಅಂದ್ರೂ ಹಾಕ್ಕೊಳ್ಲೇಬೇಕು."

ಅಕ್ಕ ಮೆಲ್ಲಗೆ ಬಾಯಿ ಬಿಟ್ಟಳು. "ನನಗೆ ಗೊತ್ತಿತ್ತು ಡಾಕ್ಟ್ರೇ. ನಿಂತಾಗ ನಾನು ಅಲ್ಲಾಡಿಸ್ತೀನಿ. ಎಷ್ಟೋ ವರ್ಷದಿಂದ ಅಲ್ಲಾಡಿಸ್ತಾನೇ ಇದ್ದೀನಿ."

"ಅದಕ್ಕೇ ನನಗೆ ನಿದ್ದೆ ಸಾಲಲ್ಲ," ಎಂದರು ಭಾವ.

ಯಂತ್ರ ಮನೆಗೆ ಬಂತು. ಊಟದ ಡಬ್ಬಿಯಷ್ಟು ದೊಡ್ಡದು. ಒಂದು ಬದಿಯಲ್ಲಿ ಗಾಳಿಯನ್ನು ತೇವ ಮಾಡುವ ನೀರಿನ ತೊಟ್ಟಿ, ಇನ್ನೊಂದು ಬದಿಯಿಂದ ಸೊಂಡಿಲಿನಂಥ ಕೊಳವೆ, ಅದರ ತುದಿಗೆ ಮಾಸ್ಕು, ಮಾಸ್ಕಿಗೆ ತಲೆಯ ಹಿಂದೆ ಬಿಗಿಯುವ ಪಟ್ಟಿಗಳು. ಮುಂದಿನ ಕೋಣೆಯಲ್ಲಿ ಹಿಂದಕ್ಕೆ ಒರಗುವ ಕುರ್ಚಿ ಹಾಕಿ, ಪಕ್ಕದ ಮೇಜಿನ ಮೇಲೆ ಯಂತ್ರವಿಟ್ಟು, ಕೆಮ್ಮು ಬಂದರೆ ಎದೆಗವಚಿಕೊಳ್ಳಲು ದಿಂಬೊಂದನ್ನು ಕೊಟ್ಟು, ಅಕ್ಕ ಅವರನ್ನು ಪ್ರತಿಷ್ಠಾಪಿಸಿದಳು.

ಮೊದಲು ನೋಡಲು ಬಂದವರು ಎದುರುಮನೆಯ ಟೀಚರಮ್ಮ. ಶಾಲೆಯಿಂದ ನಿವೃತ್ತರಾಗಿದ್ದರೂ ಪಾಠ ಹೇಳುವುದರಿಂದ ಆಗಿರಲಿಲ್ಲ. ಅವರಿಗೆ ಗೊತ್ತಾದ ಸುದ್ದಿ ಸಂಜೆಯೊಳಗೆ ಬೀದಿಗೆಲ್ಲ ಬಾಯಿಪಾಠ. ಭಾವನ ಆರೋಗ್ಯ ವಿಚಾರಿಸುವ ಮೊದಲೇ ಅವರ ಕಣ್ಣು ಮೇಜಿನ ಮೇಲೆ ಬಿತ್ತು.

"ಇದೇನ್ರಮ್ಮ ಇದು?"

"ಅದಾ ಟೀಚರ್? ಅದು ಗೊರ—" ಎಂದು ಅಕ್ಕ ಬಾಯಿ ತೆರೆದಳು.

"ಹೃದಯದ ಯಂತ್ರ!" ಎಂದು ಭಾವ ಆಪರೇಷನ್ ಆದ ಮೇಲೆ ಮೊತ್ತಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದರು. ಎದೆ ನೋಯಿತು. ದಿಂಬು ಅವಚಿಕೊಂಡರು. ಆ ಭಂಗಿಯೇ ಮಾತಿಗೆ ಇನ್ನಷ್ಟು ತೂಕ ಕೊಟ್ಟಿತು.

"ಅಂದ್ರೆ... ಇದೇ ಹೃದಯಾನ ನಡೆಸುತ್ತಾ ಸಾಹೇಬ್ರೇ?"

ಇಲ್ಲ ಎನ್ನಬಹುದಿತ್ತು. ಎರಡಕ್ಷರ, ಖರ್ಚಿಲ್ಲ. ಆದರೆ ಭಾವ ಕಣ್ಣು ಅರೆಮುಚ್ಚಿ, ಮೇಲಿನ ಫ್ಯಾನು ನೋಡುತ್ತ, "ಈಗಿನ ವಿಜ್ಞಾನ ಬಹಳ ಮುಂದುವರಿದಿದೆ ಟೀಚರ್," ಎಂದುಬಿಟ್ಟರು.

ಟೀಚರಮ್ಮ ಬಗ್ಗಿ ಡಬ್ಬಿಗೆ ಕಿವಿಯಿಟ್ಟು ಆಲಿಸಿದರು. ಯಂತ್ರ ಗುಂಯ್ಗುಟ್ಟುತ್ತಿತ್ತು. ಅವರ ಕಣ್ಣಲ್ಲಿ ನೀರಾಡಿತು. ಚಹಾ ಕೂಡ ಕುಡಿಯದೆ ಓಡಿದರು, ಸುದ್ದಿ ತಣ್ಣಗಾಗಬಾರದಲ್ಲ.

ಅವರ ಮನೆ ಗೇಟಿನಲ್ಲಿ ಸುದ್ದಿ 'ಹೃದಯಕ್ಕೆ ಸಹಾಯ ಮಾಡುವ ಯಂತ್ರ' ಎಂದಿತ್ತು. ಮೂಲೆ ಅಂಗಡಿ ತಲುಪುವಾಗ 'ಹೃದಯವೇ ಯಂತ್ರ' ಎಂದಾಯಿತು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಶ್ಶ್ ಸಾಹೇಬರ ಹೃದಯವನ್ನು ಕಿತ್ತು ಡಬ್ಬಿಯಲ್ಲಿಟ್ಟಿದ್ದಾರೆ, ಎದೆಯಲ್ಲಿ ಬರೀ ಖಾಲಿ ಜಾಗ ಎಂಬಲ್ಲಿಗೆ ಬಂದು ನಿಂತಿತು. ಅವರ ಎದೆ ಖಾಲಿ ಎಂಬುದು ಗ್ರಂಥಾಲಯದ ಓದುಗರಿಗೆ ಹೊಸ ಸುದ್ದಿಯೇನೂ ಆಗಿರಲಿಲ್ಲ.

ಜನ ಬರತೊಡಗಿದರು. ಹೆಜ್ಜೆ ಸಪ್ಪಳವಾಗದಂತೆ ಬಂದು, ಮೇಜಿನಿಂದ ದೂರ ನಿಂತು, ಉಸಿರು ಬಿಗಿಹಿಡಿದು ನೋಡಿಹೋಗುತ್ತಿದ್ದರು. ತಮ್ಮೆದುರು ಊರಿಗೆ ಊರೇ ಹೀಗೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಭಾವನವರ ಜೀವಮಾನದ ಕನಸು. ಅದು ಮನೆಬಾಗಿಲಿಗೇ ಬಂದಾಗ ಅವರಿಗೆ ಹಾಲು ಕುಡಿದಷ್ಟು ಸಂತೋಷ. ಸಂಜೆಯಾದರೆ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಮಾಸ್ಕು ಬಿಗಿದು, ಯುದ್ಧವಿಮಾನ ಹಾರಿಸುವವರ ಹಾಗೆ ಕೂತಿರುತ್ತಿದ್ದರು. ಮಾಸ್ಕಿನೊಳಗಿಂದ ಆಡುವ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಜನರಿಗೆ ಆಕಾಶವಾಣಿ ಕೇಳಿದಷ್ಟು ಭಕ್ತಿ. ಕೊನೆಯ ಅತಿಥಿ ಗೇಟು ದಾಟುವುದೇ ತಡ, ಮಾಸ್ಕು ಕಿತ್ತು ಮೇಜಿನ ಮೇಲೆ ಒಗೆದು, ಯಂತ್ರ ಆರಿಸಿ, ಹಾಗೇ ಮಲಗಿಬಿಡುತ್ತಿದ್ದರು.

"ರೀ, ಅದನ್ನ ಹಾಕ್ಕೊಂಡು ಮಲಗ್ರೀ," ಎಂದು ಅಕ್ಕ ಅಂಗಲಾಚುವಳು.

"ಮಲಗಿದಾಗ ಯಾರೇ ನೋಡ್ತಾರೆ?"

"ನೋಡೋರಿಗೆ ಅಂತ ಕೊಟ್ಟಿದ್ದಾ ಡಾಕ್ಟ್ರು?"

"ಮೂಗು ಒಣಗುತ್ತೆ ಕಣೇ. ಕೆನ್ನೆ ಮೇಲೆ ಗೆರೆ ಬೀಳುತ್ತೆ. ಗೊರಕೆ ಹೊಡೆಯೋರಿಗೆ ಮಾಡಿರೋ ವಸ್ತು ಅದು, ನನಗ್ಯಾಕೆ?"

ಹೀಗೆ ನಿದ್ದೆಯಲ್ಲಿ ಹಾಕಬೇಕಾದ್ದನ್ನು ಎಚ್ಚರದಲ್ಲಿ ಹಾಕಿ, ಎಚ್ಚರದಲ್ಲಿ ಬೇಡವಾದ್ದನ್ನು ನಿದ್ದೆಯಲ್ಲಿ ಬಿಟ್ಟ ಮಹಾನುಭಾವರ ಕಣ್ಣು ಕೆಂಪಾದವು, ತಲೆ ಸಿಡಿಯತೊಡಗಿತು, ಮಾತಿನ ನಡುವೆ ಕತ್ತು ಜೋಲತೊಡಗಿತು. ಅದನ್ನು ನೋಡಿದ ಟೀಚರಮ್ಮ, "ವೋಲ್ಟೇಜ್ ಕಮ್ಮಿಯಾಗಿದೆ," ಎಂದು ತೀರ್ಮಾನಿಸಿದರು.

ನಿಜ ಹೇಳಿಬಿಡುತ್ತೇನೆಂದು ನಾನು ಹೊರಟಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಬೇಡ ಕಣೋ. ಈಗ ಮರ್ಯಾದೆ ಹೋದ್ರೆ ಎದೆ ಒಡ್ಕೋತಾರೆ. ಹೊಲಿಗೆ ಇನ್ನೂ ಹಸಿ."

ವೋಲ್ಟೇಜಿನ ಮಾತು ಬೀದಿ ಸಂಘದ ಕಾರ್ಯದರ್ಶಿಯ ಕಿವಿಗೆ ಬಿತ್ತು. ಅವರು ಹಳೆಯ ಡ್ರಿಲ್ ಮಾಸ್ತರು. ಕೊರಳಲ್ಲಿ ಸೀಟಿ ಈಗಲೂ ತೂಗುತ್ತಿತ್ತು, ಊದಲು ಕಾರಣವಿರಲಿಲ್ಲ ಅಷ್ಟೇ. ಈಗ ಸಿಕ್ಕಿತು. ಬೀದಿಯಲ್ಲಿ ಒಂದು ಹೊತ್ತಿಗೆ ಒಂದೇ ಮನೆಯವರು ಇಸ್ತ್ರಿ ಹಾಕಬೇಕು, ಗೀಸರ್ ಮುಟ್ಟುವಂತಿಲ್ಲ, ಮಿಕ್ಸಿ ತಿರುಗಿಸುವ ಮೊದಲು ಕಿಟಕಿಯಿಂದ ಕೈ ತೋರಿಸಬೇಕು ಎಂದು ಕಟ್ಟುಪಾಡು ಮಾಡಿದರು. ತಪ್ಪಿದವರ ಮನೆಮುಂದೆ ಸೀಟಿ. ಇಡೀ ಬೀದಿ ನಡುಗುತ್ತ ತಣ್ಣೀರು ಮಿಂದು, ಮುದುಡಿದ ಬಟ್ಟೆ ತೊಟ್ಟು ಕೆಲಸಕ್ಕೆ ಹೋಗತೊಡಗಿತು. ಭಾವ ಮಾತ್ರ ಬಿಸಿನೀರಿನಲ್ಲಿ ಮೈ ಒರೆಸಿಕೊಂಡು, "ಜನರ ಪ್ರೀತಿ ದೊಡ್ಡದು," ಎನ್ನುತ್ತಿದ್ದರು.

ಅಷ್ಟರಲ್ಲಿ ಭಾವನ ದೊಡ್ಡಮ್ಮ ಪರವೂರಿನಿಂದ ಬಂದಿಳಿದರು. ಕಣ್ಣು ಮಂಜು, ಕಿವಿ ಮಂದ, ಪ್ರೀತಿ ವಿಪರೀತ. ಒಳಗೆ ಬಂದವರೇ ಕುರ್ಚಿಯಲ್ಲಿ ಕೂತಿದ್ದ ಭಾವನನ್ನು ದಾಟಿ ನೇರ ಮೇಜಿನ ಬಳಿಗೆ ಹೋಗಿ ಡಬ್ಬಿಯನ್ನು ನೇವರಿಸಿದರು.

"ಚಿಕ್ಕಂದಿನಿಂದ್ಲೂ ನಿನ್ನದು ಮೃದು ಹೃದಯ ಮಗೂ," ಎಂದು ಡಬ್ಬಿಗೆ ಹೇಳಿದರು. "ಎಷ್ಟು ಬೆಚ್ಚಗಿದ್ದೀಯಪ್ಪಾ!"

"ದೊಡ್ಡಮ್ಮ, ನಾನು ಇಲ್ಲಿದ್ದೀನಿ," ಎಂದರು ಭಾವ ಮಾಸ್ಕಿನೊಳಗಿಂದ.

"ನೀನಿರು, ಅಡ್ಡ ಮಾತಾಡ್ಬೇಡ," ಎಂದು ಅವರನ್ನು ಗದರಿಸಿ, ದೊಡ್ಡಮ್ಮ ಡಬ್ಬಿಗೆ ತಮ್ಮ ಶಾಲು ಹೊದಿಸಿದರು.

ಬೀದಿಯ ಕಟ್ಟುಪಾಡು ಸಾಲದೆನಿಸಿ ಡ್ರಿಲ್ ಮಾಸ್ತರು ವಿದ್ಯುತ್ ಕಚೇರಿಗೆ ನಿಯೋಗ ಹೊರಡಿಸಿದರು. ರೋಗಿಯ ಕಡೆಯವನೆಂದು ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿನ ಇಂಜಿನಿಯರು ಎದುರಿಗೆ ಕೂತವರ ಮುಖ ನೋಡದೆ ಮಾತಾಡುವ ಜಾತಿ. ಕಂಪ್ಯೂಟರಿನಲ್ಲಿ ಕಣ್ಣಿಟ್ಟುಕೊಂಡೇ ವಿಷಯ ಕೇಳಿದರು. ಡ್ರಿಲ್ ಮಾಸ್ತರು ಅಟೆನ್ಷನ್ನಿನಲ್ಲಿ ನಿಂತು ಹೇಳಿದರು.

"ಹೃದಯ ಎಷ್ಟು ವ್ಯಾಟ್ದು?"

"ದೊಡ್ಡ ಮನುಷ್ಯರು ಸಾರ್. ಅಂದಾಜು ಮಾಡ್ಕೊಳ್ಳಿ."

"ಸಿಂಗಲ್ ಫೇಸಾ, ತ್ರೀ ಫೇಸಾ?"

"ಒಂದೇ ಫೇಸು ಸಾರ್. ನಾನೇ ದಿನಾ ನೋಡ್ತೀನಿ."

ಇಂಜಿನಿಯರು ಕತ್ತೆತ್ತಿದರು. ಅವರಿಗೆ ಈಗೊಂದು ತೊಡಕು ಎದುರಾಗಿತ್ತು. "ಇದು ಗೃಹಬಳಕೆಗೆ ಬರುತ್ತೋ ವಾಣಿಜ್ಯ ಬಳಕೆಗೆ ಬರುತ್ತೋ? ಅವರು ಆಫೀಸ್ ಕೆಲಸಕ್ಕೆ ಈ ಹೃದಯಾನ ಉಪಯೋಗಿಸ್ತಾರಾ?"

"ಇಲ್ಲ ಸಾರ್," ಎಂದೆ ನಾನು. "ಆಫೀಸ್ ಕೆಲಸಕ್ಕೆ ಅವರು ಯಾವತ್ತೂ ಹೃದಯ ಉಪಯೋಗಿಸಿದವರಲ್ಲ."

"ಹಾಗಿದ್ರೆ ಗೃಹಬಳಕೆ," ಎಂದು ಅವರು ನಿರಾಳರಾದರು. ಮರುಕ್ಷಣವೇ ಮುಖ ಬಿಳುಚಿತು. ಕರೆಂಟು ಹೋಗಿ ಮನುಷ್ಯ ಹೋದರೆ ಅದು ಯಾರ ತಲೆಗೆ ಸುತ್ತಿಕೊಳ್ಳುತ್ತದೆಂದು ಹೊಳೆದಿತ್ತು. "ಟ್ರಾನ್ಸ್‌ಫಾರ್ಮರ್‌ನಿಂದ ನೇರ ಆ ಮನೆಗೇ ಒಂದು ತಂತಿ ಎಳೆಸಿಬಿಡ್ತೀನಿ. ನಡುವೆ ಯಾರೂ ಬರಬಾರದು. ನಾನೇ ಖುದ್ದಾಗಿ ಬಂದು ನಿಂತು ಮಾಡಿಸ್ತೀನಿ." ಆ ಕಚೇರಿಯಲ್ಲಿ ಯಾವ ಕೆಲಸವೂ ಅಷ್ಟು ಬೇಗ ಆದದ್ದನ್ನು ಊರು ಕಂಡಿರಲಿಲ್ಲ. ಸುಳ್ಳಿಗಿರುವ ಓಟ ನಿಜಕ್ಕೆಲ್ಲಿ?

ಈ ಶುಭ ಸಮಾಚಾರ ತಿಳಿಸಲು ಭಾನುವಾರ ಮಧ್ಯಾಹ್ನ ಬೀದಿಯವರೆಲ್ಲ ಅಕ್ಕನ ಮನೆಯಲ್ಲಿ ಸೇರಿದರು. ಕುರ್ಚಿಗಳು ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿದ್ದರು. ನಡುವೆ ಭಾವ, ಮಾಸ್ಕು ಬಿಗಿದು, ದಿಂಬು ತಬ್ಬಿ. ಪಕ್ಕದಲ್ಲಿ ಶಾಲು ಹೊದ್ದ ಡಬ್ಬಿ, ಅದಕ್ಕೆ ಕಾವಲಾಗಿ ದೊಡ್ಡಮ್ಮ. ಭಾವನವರ ಕಣ್ಣು ಕೆಂಡದಂತಿತ್ತು; ಸರಿಯಾಗಿ ಮಲಗಿ ಎಷ್ಟು ದಿನವಾಗಿತ್ತೋ! ಆದರೂ ಸಭೆ ಕಂಡರೆ ಭಾಷಣ ಬರುತ್ತಿತ್ತು.

"ಬಂಧುಗಳೇ," ಎಂದು ಬಾವಿಯೊಳಗಿನ ದನಿ ಹೊರಟಿತು. "ಮನುಷ್ಯನ ಹೃದಯ ಅನ್ನೋದು ಅವನೊಬ್ಬನದೇ ಅಲ್ಲ. ಅದು ಸಮಾಜದ್ದು. ಈ ಯಂತ್ರ ಮಿಡಿಯೋವರೆಗೂ—"

ಫ್ಯಾನು ನಿಂತಿತು. ಯಂತ್ರದ ಗುಂಯ್ಕಾರ ನಿಂತಿತು. ಡಬ್ಬಿಯ ಮೇಲಿನ ಹಸಿರು ದೀಪ ಆರಿತು.

ಕರೆಂಟು ಹೋಗಿತ್ತು.

ಅಷ್ಟೂ ಕಣ್ಣುಗಳು ಭಾವನವರ ಮೇಲೆ ನೆಟ್ಟವು. ಗುಂಡಿಗೆ ನಿಂತುಹೋದ ಮೇಲೂ ಮುಂದೇನೆಂದು ಯೋಚಿಸುತ್ತ ಕೂತ ಜಗತ್ತಿನ ಮೊದಲ ಮನುಷ್ಯ ನಮ್ಮ ಭಾವ. ಮಾಸ್ಕು ತೆಗೆದು "ಏನೂ ಆಗಿಲ್ಲ" ಎಂದರೆ ಮಾನ ಹೋಗುತ್ತದೆ. ಸುಮ್ಮನೆ ಕೂತರೆ ಯಾಕಿನ್ನೂ ಸತ್ತಿಲ್ಲವೆಂದು ಜನ ಕೇಳುತ್ತಾರೆ. ಬಾಯಲ್ಲಿ ಬಿಸಿತುಪ್ಪ! ನುಂಗುವಂತಿಲ್ಲ, ಉಗುಳುವಂತಿಲ್ಲ. ಮಾನವೋ ಪ್ರಾಣವೋ ಎಂದು ಕ್ಷಣ ತೂಗಿ ನೋಡಿ, ಮಾನವನ್ನೇ ಆರಿಸಿಕೊಂಡರು. ಕಣ್ಣು ಮುಚ್ಚಿ, ಕತ್ತು ವಾಲಿಸಿ, ಒಂದು ಕೈಯನ್ನು ಕುರ್ಚಿಯಿಂದ ಜೋತುಬಿಟ್ಟು, ಅಚ್ಚುಕಟ್ಟಾಗಿ ತೀರಿಕೊಂಡರು.

ಮನೆ ತುಂಬ ಬೊಬ್ಬೆ. "ಹೋದ್ರು! ಹೋದ್ರು!" ಎಂದು ಟೀಚರಮ್ಮ ಎದೆ ಬಡಿದುಕೊಂಡರು. ದೊಡ್ಡಮ್ಮ ಡಬ್ಬಿಯನ್ನು ತಬ್ಬಿ, "ಎದ್ದೇಳು ಮಗೂ," ಎಂದು ಅಲ್ಲಾಡಿಸಿದ್ದಕ್ಕೆ ತೊಟ್ಟಿಯ ನೀರೆಲ್ಲ ಅವರ ಸೀರೆಗೆ ಚೆಲ್ಲಿತು. ಡ್ರಿಲ್ ಮಾಸ್ತರು ಕಿವಿ ಕಿವುಡಾಗುವಂತೆ ಸೀಟಿ ಊದಿದರು.

"ಎಲ್ಲರೂ ಹಿಂದೆ ಸರೀರಿ! ನಾನು ಪ್ರಥಮ ಚಿಕಿತ್ಸೆ ಕಲಿತಿದ್ದೀನಿ! ಎದೆ ಒತ್ತಬೇಕು! ಜೋರಾಗಿ ಒತ್ತಬೇಕು!"

"ಎದೇಲೇನಿದೆ ಒತ್ತೋಕೆ? ಹೃದಯ ಡಬ್ಬೀಲಲ್ವಾ ಇರೋದು! ಡಬ್ಬೀನ ಒತ್ತಿ!" ಎಂದರು ಟೀಚರಮ್ಮ.

ಡ್ರಿಲ್ ಮಾಸ್ತರು ಒಮ್ಮೆ ಡಬ್ಬಿ, ಒಮ್ಮೆ ಎದೆ ನೋಡಿದರು. ಪುಸ್ತಕದಲ್ಲಿ ಡಬ್ಬಿಯ ಮಾತೇ ಇರಲಿಲ್ಲ. ಅಂಗಿಯ ತೋಳು ಮಡಚಿದರು, ಭಾವನ ಕೈಯಿಂದ ದಿಂಬು ಕಿತ್ತೆಸೆದರು, ಎರಡೂ ಅಂಗೈ ಒಂದರ ಮೇಲೊಂದಿಟ್ಟು ಆ ಹೊಲಿಗೆಯ ನಟ್ಟನಡುವೆ ಊರಿದರು. ಜನರನ್ನು ತಳ್ಳಿಕೊಂಡು ಮುಂದೆ ಹೋಗಲು ನೋಡಿದೆ, ಆಗಲಿಲ್ಲ. ಆಗಲಾದರೂ ಭಾವ ಕಣ್ಣು ಬಿಡಬೇಕೋ ಬೇಡವೋ? ಬಿಡಲಿಲ್ಲ. ಎಲುಬು ಮುರಿದರೂ ಸರಿ, ಗೊರಕೆಯ ಹೆಸರು ಹೊರಬರಬಾರದೆಂದು ಪಟ್ಟು ಹಿಡಿದಿದ್ದಾರೆಂದೇ ನಾನು ತಿಳಿದೆ.

ಅಡುಗೆಮನೆಯಲ್ಲಿ ಲೋಟಗಳ ತಟ್ಟೆ ಬಿದ್ದ ಸದ್ದಾಯಿತು. ಅಕ್ಕ ಹೇಗೆ ಬಂದಳೋ ಕಾಣೆ. ಎಂದೂ ಗಟ್ಟಿಯಾಗಿ ಮಾತಾಡದ ನನ್ನ ಅಕ್ಕ, ಆ ಕಟ್ಟುಮಸ್ತು ಡ್ರಿಲ್ ಮಾಸ್ತರನ್ನು ಎರಡೂ ಕೈಯಲ್ಲಿ ನೂಕಿದ ರಭಸಕ್ಕೆ ಅವರು ಹೋಗಿ ಗೋಡೆಗೆ ಬಿದ್ದರು.

"ಮುಟ್ಟಬೇಡಿ! ಎಲುಬು ಸೀಳಿ ತಂತೀಲಿ ಕಟ್ಟಿದ್ದಾರೆ, ಒತ್ತಿದ್ರೆ ಜೀವ ಹೋಗುತ್ತೆ! ಇವರ ಹೃದಯ ಇವರ ಎದೇಲೇ ಇದೆ! ಅದು ಗೊರಕೆ ಮೆಷಿನ್ನು!"

ಎದೆ ಬಡಿದುಕೊಳ್ಳುತ್ತಿದ್ದ ಟೀಚರಮ್ಮನ ಕೈ ಕೆಳಗಿಳಿಯಿತು.

"ಗೊರಕೆ?" ಎಂದರು ಟೀಚರಮ್ಮ.

"ಗೊರಕೆ!" ಎಂದಳು ಅಕ್ಕ, ಮಾಸ್ಕನ್ನು ಭಾವನ ಮುಖದಿಂದ ಬಿಡಿಸುತ್ತ.

"ಸಾಹೇಬ್ರು ಗೊರಕೆ ಹೊಡೆಯಲ್ಲ ಅಂತ ಅವರೇ ಎಷ್ಟೋ ಸಲ—"

ಉತ್ತರ ಕುರ್ಚಿಯಿಂದಲೇ ಬಂತು. ದಿನಗಟ್ಟಲೆ ನಿದ್ದೆಗೆಟ್ಟ ದೇಹ ಅದು. ಸತ್ತಂತೆ ನಟಿಸಲು ಕಣ್ಣು ಮುಚ್ಚಿದ್ದೇ ನೆಪವಾಗಿ, ಭಾವ ಆ ಗದ್ದಲದ ನಡುವೆಯೇ ನಿಜವಾಗಿ ನಿದ್ದೆ ಹೋಗಿದ್ದರು. ಮೊದಲು ಗಂಟಲಲ್ಲಿ ಒಂದು ಗುಟುರು. ಆಮೇಲೆ ತಗಡಿನ ಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೆ ಎಳೆದಂತೆ. ಆಮೇಲೆ ಕಿಟಕಿಯ ಗಾಜು ಕೂಡ ಅದಕ್ಕೆ ತಾಳ ಹಾಕಿತು.

ಯಾರೋ ಕಿಸಕ್ಕೆಂದರು. ಅಲ್ಲಿಗೆ ಕಟ್ಟೆಯೊಡೆಯಿತು. ತಣ್ಣೀರು ಮಿಂದವರು, ಮುದುಡಿದ ಅಂಗಿಯವರು, ಸೀಟಿ ಊದಿಸಿಕೊಂಡವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಗೊರಕೆ ನಿಂತಿತು.

ನಗು ಇನ್ನೂ ಸ್ವಲ್ಪ ನಡೆಯಿತು. ಆಮೇಲೆ ಒಬ್ಬೊಬ್ಬರದೇ ಇಳಿಯಿತು. ಭಾವನ ಎದೆ ಏಳಲು ಹೆಣಗುತ್ತಿತ್ತು, ಹೊಟ್ಟೆ ಒಳಕ್ಕೆ ಸೆಳೆಯುತ್ತಿತ್ತು, ಬಾಯಿ ತೆರೆದೇ ಇತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ಕಪ್ಪಿಗೆ ತಿರುಗುತ್ತಿತ್ತು. ನನಗೆ ಅರಿವಿಲ್ಲದೆ ನಾನೂ ಉಸಿರು ಕಟ್ಟಿದ್ದೆ.

"ಈಗ ನಿಜವಾಗ್ಲೂ..." ಎಂದು ಡ್ರಿಲ್ ಮಾಸ್ತರು ಪಿಸುಗುಟ್ಟಿದರು.

ಅಕ್ಕ ಭಾವನ ಭುಜ ಹಿಡಿದು ಅಲ್ಲಾಡಿಸಿದಳು. "ರೀ. ಉಸಿರಾಡ್ರೀ."

ನೀರಲ್ಲಿ ಮುಳುಗಿದವನು ಮೇಲೆದ್ದಂತೆ ಭಾವ ಒಮ್ಮೆ ಗಾಳಿ ಸೆಳೆದುಕೊಂಡರು. ಕಣ್ಣು ತೆರೆಯಲಿಲ್ಲ. ಗೊರಕೆ ಮತ್ತೆ ಶುರುವಾಯಿತು. ಈ ಸಲ ಯಾರೂ ನಗಲಿಲ್ಲ.

"ಇದಕ್ಕೇ ಆ ಮೆಷಿನ್ನು," ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ. "ದಿನಾ ಹೀಗೇ. ನಾನು ಎಚ್ಚರ ಇರ್ತೀನಿ."

ಅವಳ ಕಣ್ಣ ಕೆಳಗಿನ ಕಪ್ಪನ್ನು ಅಂದು ನೋಡಿದೆ. ಊರಿನವರ ಕಣ್ಣಿಗೆಲ್ಲ ಕನ್ನಡಕ ಕೊಡುವವನು ನಾನು.

ಫ್ಯಾನು ತಿರುಗಿತು. ಬಾಗಿಲಲ್ಲಿ ಇಂಜಿನಿಯರು ಬೆವರೊರೆಸಿಕೊಳ್ಳುತ್ತ, ಮೊದಲ ಬಾರಿಗೆ ಜನರ ಮುಖ ನೋಡಿ ನಗುತ್ತ ನಿಂತಿದ್ದರು. "ಆಯ್ತು ನೋಡಿ! ಹೃದಯಕ್ಕೆ ಬೇರೆ ತಂತಿ ಎಳೀಬೇಕಿತ್ತು, ಅದಕ್ಕೆ ಮೇನ್ ತೆಗೆದಿದ್ದೆ. ಈಗ ಹಾಕಿ ನೋಡಿ, ಹೃದಯ ಓಡುತ್ತಾ?"

ಅಕ್ಕ ತೊಟ್ಟಿಗೆ ನೀರು ತುಂಬಿ, ನಿದ್ದೆಯಲ್ಲಿದ್ದ ಗಂಡನ ಮುಖಕ್ಕೆ ಮಾಸ್ಕು ಕೂರಿಸಿ, ಪಟ್ಟಿ ಬಿಗಿದು, ಗುಂಡಿ ಒತ್ತಿದಳು. ಒಂದೆರಡು ಉಸಿರಿಗೆ ಗೊರಕೆ ಕರಗಿತು. ಎದೆ ಏರುತ್ತ ಇಳಿಯುತ್ತ ನಡೆಯಿತು. ಬಂದವರು ಚಪ್ಪಲಿ ಹುಡುಕಿಕೊಂಡು ಒಬ್ಬೊಬ್ಬರಾಗಿ ಹೊರಟರು. ದೊಡ್ಡಮ್ಮ ಮಾತ್ರ ಏನೂ ಕೇಳಿಸಿರದ ಕಾರಣ ಡಬ್ಬಿಗೆ "ಜಾಣ" ಎಂದು ಹೇಳಿ ಒಳಗೆ ಹೋದರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುದಿನ ಬೀದಿಯ ಅಷ್ಟೂ ಮನೆಗಳವರು ಒಟ್ಟಿಗೇ ಗೀಸರ್ ಹಾಕಿ, ಇಸ್ತ್ರಿ ಹಾಕಿ, ಮಿಕ್ಸಿ ತಿರುಗಿಸಿ ಸೇಡು ತೀರಿಸಿಕೊಂಡರು. ವಿದ್ಯುತ್ ಕಚೇರಿಯವರು ಆ ತಂತಿಯನ್ನು ಎಳೆದದ್ದಕ್ಕಿಂತ ಬೇಗ ಬಿಚ್ಚಿಕೊಂಡು ಹೋದರು. ಭಾವನವರು ನಾಚಿಕೊಂಡರೇ ಎಂದು ಕೇಳುತ್ತೀರೇನೋ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ನಾನು ಹೇಳಿದ್ದು ಹೃದಯದ ಯಂತ್ರ ಅಂತ. ಜನಕ್ಕೆ ವಿಭಕ್ತಿ ಪ್ರತ್ಯಯದ ಅರ್ಥವೇ ಗೊತ್ತಿಲ್ಲದಿದ್ರೆ ಅದಕ್ಕೆ ನಾನು ಹೊಣೆಯಾ?" ಎಂದು ಕೇಳಿದವರಿಗೆಲ್ಲ ವ್ಯಾಕರಣ ಕಲಿಸಿದರು. ಆದರೆ ಒಂದು ಮಾತು ಒಪ್ಪಬೇಕು, ಆ ದಿನದಿಂದ ಮಾಸ್ಕಿಲ್ಲದೆ ಅವರು ಮಲಗಲಿಲ್ಲ. ಯಾರ ಬುದ್ಧಿಮಾತಿಗೂ ಅಲ್ಲ. ತಲೆನೋವು ಹೋಯಿತು, ಬೆಳಿಗ್ಗೆ ಮುಖ ಕಳೆಯಾಗಿ ಕಾಣುತ್ತದೆ ಎಂಬ ಕಾರಣಕ್ಕೆ. ಎಲುಬು ಕೂಡಿತು, ಡಾಕ್ಟರಮ್ಮ ಬೆನ್ನು ತಟ್ಟಿದರು, ಗ್ರಂಥಾಲಯದ ಓದುಗರ ಒಳ್ಳೆಯ ದಿನಗಳು ಮುಗಿದವು.

ಆ ಭಾನುವಾರದ ಸಂಜೆಯದೊಂದು ಸಂಗತಿ ಮಾತ್ರ ಉಳಿದಿದೆ.

ಜನ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಒಡೆದ ಲೋಟದ ಚೂರು ಗುಡಿಸಿ, ಚಹಾಕ್ಕೆ ನೀರಿಟ್ಟಿದ್ದೆ. ಮುಂದಿನ ಕೋಣೆಯಿಂದ ಭಾವ ಕೈ ಚಪ್ಪಾಳೆ ತಟ್ಟಿ ಕರೆದರು. ಹೋಗಿ ನೋಡಿದರೆ ಮಾಸ್ಕು ತೆಗೆದು ಕೂತಿದ್ದಾರೆ. ಮುಖ ಆಗಷ್ಟೇ ತೊಳೆದಿಟ್ಟ ಪಾತ್ರೆಯಂತೆ ಫಳಫಳ. ಅಷ್ಟು ಗಾಢವಾಗಿ ಅವರು ಎಷ್ಟೋ ವರ್ಷಗಳಿಂದ ಮಲಗಿರಲಿಲ್ಲ.

ಪಕ್ಕದ ಮರದ ಕುರ್ಚಿಯಲ್ಲಿ ಅಕ್ಕ ಇದ್ದಳು. ಗಂಡನ ಉಸಿರು ಸರಾಗವಾಗಿ ನಡೆಯುತ್ತಿರುವುದನ್ನು ನೋಡುತ್ತ ನೋಡುತ್ತ ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಗೋಡೆಗೆ ಒರಗಿತ್ತು, ಕೈಯಲ್ಲಿ ಯಂತ್ರದ ತೊಟ್ಟಿಯನ್ನು ಒರೆಸಿದ ಬಟ್ಟೆ ಹಾಗೇ ಇತ್ತು. ಬಾಯಿ ತುಸುವೇ ತೆರೆದಿತ್ತು. ಅಲ್ಲಿಂದ ಬೆಕ್ಕಿನ ಮರಿ ಗುರುಗುಟ್ಟಿದಷ್ಟು ಮೆಲ್ಲಗೆ ಒಂದು ಸದ್ದು ಬರುತ್ತಿತ್ತು.

ಭಾವ ಅವಳತ್ತ ಬೆರಳು ಮಾಡಿ, ನ್ಯಾಯ ಗೆದ್ದ ಕಕ್ಷಿಗಾರನ ಮುಖದಲ್ಲಿ ನನ್ನನ್ನು ನೋಡಿದರು.

"ಕೇಳಿಸ್ತಾ? ನಿಮ್ಮಕ್ಕ. ಗೊರಕೆ!" ಎಂದರು. "ಇಷ್ಟು ವರ್ಷ ಇದನ್ನೇ ನನ್ನ ತಲೆಗೆ ಕಟ್ಟಿದ್ಲು ನೋಡು."

ಅಂದಿನವರೆಗೆ ಅವರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಬಾಯಿ ತೆರೆದೆ. ಅಕ್ಕ ನಿದ್ದೆಯಲ್ಲೇ ಸ್ವಲ್ಪ ಮಿಸುಕಿದಳು. ಬಾಯಿ ಮುಚ್ಚಿಕೊಂಡು, ಅವಳ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿ, ಕಿಟಕಿಯ ಪರದೆ ಎಳೆದು ಹೊರಗೆ ಬಂದೆ.